ಪೆನ್ಸಿಲಿನಲ್ಲಿ ಬರೆದ ದಿಕ್ಕುಗಳು

ಕಾಸರಗೋಡಿನ ಸರಕಾರಿ ಆಫೀಸುಗಳಲ್ಲಿ ಕನ್ನಡದವರನ್ನು ಭಾಷೆಯ ನೆಪದಲ್ಲಿ ಸತಾಯಿಸ್ತಾರಂತೆ, ಹೌದಾ ಅಂತ ಕೇಳಿದ್ದೀರಿ. ಬೆಂಗಳೂರಿನವರು ಮೊದಲು ಕೇಳುವುದೇ ಇದನ್ನು. ಸತಾಯಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕನ್ನಡ ಬಾರದ್ದರಿಂದಲೇ ಕೆಲಸ ನಿಲ್ಲುತ್ತದೆ ಅಂತ ನಾನು ಒಪ್ಪುವುದಿಲ್ಲ. ಕನ್ನಡಿಗರು ಕನ್ನಡದಲ್ಲೇ ಪತ್ರ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯೇ ಹೇಳ್ತದೆ. ಕಾಯ್ದೆ ಕಪಾಟಿನಲ್ಲಿ ಉಂಟು. ತೆಗೆಯುವವರು ಬೇಕಷ್ಟೆ.

ನಮ್ಮ ದೊಡ್ಡಪ್ಪ ಅಜ್ಜನ ಕಾಲದ ಆಧಾರ ಹಿಡಿದುಕೊಂಡು ವಿಲೇಜ್ ಆಫೀಸಿಗೆ ಹೋಗಿದ್ದರು. (ಇಲ್ಲಿ ಆಧಾರ ಅಂದರೆ ಕಾರ್ಡಲ್ಲ, ಜಾಗದ ದಸ್ತಾವೇಜು.) 1956ಕ್ಕೆ ಮೊದಲು ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು, ಹಾಗಾಗಿ ಹಳೆಯ ಕಾಗದವೆಲ್ಲ ಮೋಡಿ ಮೋಡಿಯಾದ ಕನ್ನಡ ಕೈಬರಹ. ಆಗ ಇದ್ದ ಆಫೀಸರು ನಮ್ಮ ಕಡೆಯವರೇ, ಚೆನ್ನಾಗಿ ಕನ್ನಡ ಬಲ್ಲವರು. ಕಾಗದವನ್ನು ಮುಟ್ಟಿಯೂ ನೋಡದೆ, "ಮಲಯಾಳಕ್ಕೆ ತರ್ಜುಮೆ ಮಾಡಿಸಿ ತನ್ನಿ" ಅಂದರು. ತಂದದ್ದಾಯ್ತು. "ತರ್ಜುಮೆಗೆ ಸೀಲಿಲ್ಲ." ಸೀಲು ಹಾಕಿಸಿದ್ದಾಯ್ತು. "ನಾಳೆ ಬನ್ನಿ." ಆ ನಾಳೆ ಒಂದು ಮಳೆಗಾಲ ಕಳೆದರೂ ಬರಲಿಲ್ಲ.

ಅವರ ನಂತರ ತಿರುವನಂತಪುರ ಕಡೆಯಿಂದ ಒಬ್ಬ ಹೆಂಗಸು ಬಂದರು. ತೆಂಕಿನವರಿಗೆ ಕಾಸರಗೋಡು ಅಂದರೆ ನೀರಿಲ್ಲದ ಊರಿಗೆ ಎತ್ತಿ ಹಾಕಿದ ಹಾಗೆ. ಶುಕ್ರವಾರ ಸಂಜೆಯ ಮಾವೇಲಿ ರೈಲು ನೋಡಿ, ಅರ್ಧ ಸರಕಾರವೇ ಮನೆಗೆ ಹೊರಟಿರ್ತದೆ. ಇವರೂ ಹಾಗೇ ಇರಬಹುದು ಅಂದುಕೊಂಡಿದ್ದೆವು. ಕನ್ನಡದ ಒಂದಕ್ಷರ ಬಾರದು. ದೊಡ್ಡಪ್ಪನಿಗೆ "ಇರಿಕ್ಕೂ" ಅಂತ ಕುರ್ಚಿ ತೋರಿಸಿ, ತಾವು ಎದ್ದು ಈಚೆ ಬಂದು, ಪೆನ್ಸಿಲು ಹಿಡಿದು ಆಧಾರದ ನಕಲಿನ ಪಕ್ಕ ನಿಂತರು. "ಓದಿ." ದೊಡ್ಡಪ್ಪ ಗಡಿ ಓದಿದ ಹಾಗೆ ಅವರು ಸಾಲಿನ ಮೇಲೆ ಮಲಯಾಳದಲ್ಲಿ ಬರೆದುಕೊಂಡರು. ತೆಂಕು ಅಂದಾಗ "ತೆಕ್ಕ್!" ಅಂದರು. ಬಡಗು, ವಡಕ್ಕ್. ಪಡು, ಪಡಿಞ್ಞಾರ್. ಮೂಡು ಅಂದಾಗ ಮಾತ್ರ ನಿಂತರು. ದೊಡ್ಡಪ್ಪ ಕಿಟಕಿಯಾಚೆ ಬೆಳಗಿನ ಸೂರ್ಯನತ್ತ ಕೈ ತೋರಿಸಿದರು. ಇಬ್ಬರೂ ನಕ್ಕರು. ಮುಂದಿನ ವಾರ ತಾವೇ ಜಾಗಕ್ಕೆ ಬಂದು ನೋಡಿ ಹೋದರು, ತಿಂಗಳೊಳಗೆ ತೀರ್ವೆ (ಜಾಗದ ಕಂದಾಯ) ರಶೀದಿ ನಮ್ಮ ಹೆಸರಿಗೆ ಬಂತು.

ಇದು ಒಂದು ತುಂಡು ಜಾಗದ ಕಥೆ. ಕೆಲವು ಕಡೆ ಆಫೀಸಿನವರ ಈ "ನಾಳೆ ಬನ್ನಿ" ಗುಣಕ್ಕೆ ಜೀವವೇ ಹೋಗ್ತದೆ. ಇಲ್ಲಿನ ಗೇರು ತೋಟಗಳ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 1998ರಲ್ಲಿ ಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದವರು ಪೆರಿಯದ ಲೀಲಾಕುಮಾರಿ ಅಮ್ಮ. ಅವರು ಕೃಷಿ ಇಲಾಖೆಯದೇ ನೌಕರೆ, ದೊಡ್ಡ ಹುದ್ದೆಯವರೇನಲ್ಲ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇನ್ನು ಆ ವಿಷದಿಂದ ಕಾಯಿಲೆ ಬಿದ್ದವರ ಪರಿಹಾರದ ಮಾತು. ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಸಂತ್ರಸ್ತರಲ್ಲಿ ದುಡ್ಡು ಸಿಕ್ಕಿದ್ದು 8 ಜನರಿಗೆ, ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರಿಗೆ. ಬಾಕಿಯವರಲ್ಲಿ ಕನ್ನಡದವರೂ ಇದ್ದರು, ಮಲಯಾಳದವರೂ ಇದ್ದರು, ತುಳುವಿನವರೂ ಇದ್ದರು.

ಆ ಹೆಂಗಸು ವರ್ಗವಾಗಿ ಎಂದೋ ತೆಂಕಕ್ಕೆ ಹೋದರು. ಈಗ ಅಣ್ಣತಮ್ಮಂದಿರ ಪಾಲು ಮಾಡಿಸಲಿಕ್ಕೆ ಹೊಸ ಆಫೀಸರ ಹತ್ತಿರ ಹೋಗುವಾಗ ಮೂಲದ ಜೊತೆ ಆ ಪೆನ್ಸಿಲಿನ ನಕಲನ್ನೂ ಒಯ್ಯುತ್ತೇವೆ. ಅವರು ಮೊದಲು ತೆಗೆಯುವುದು ಅದನ್ನೇ.