ಪ್ರತಿಕ್ರಿಯೆ: ಸುಮಾಟ್ರಿಪ್ಟಾನ್ ದಿನಾ ಬೇಡ
ಸುಮಾಟ್ರಿಪ್ಟಾನ್ ದಿನಾ ನುಂಗಿದರೆ ಮೈಗ್ರೇನ್ ಬರದ ಹಾಗೆ ತಡೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅದು ನೋವು ಶುರುವಾದ ಮೇಲೆ ತೆಗೆದುಕೊಳ್ಳುವ ಮಾತ್ರೆ. ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹೆಚ್ಚಾಗಬಹುದು. ಆಮೇಲೆ ಯಾವುದು ಮೈಗ್ರೇನ್, ಯಾವುದು ಮಾತ್ರೆಯ ನೋವು ಅಂತ ಗೊತ್ತಾಗೋದೇ ಕಷ್ಟ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಿದ್ದವರಂತೂ ಇದನ್ನು ಮುಟ್ಟಲೇಬಾರದು.

ತಡೆಯುವುದಕ್ಕೆ ಪ್ರೊಪ್ರನಲಾಲ್‌ನಂಥ ಬೇರೆ ಮಾತ್ರೆಗಳಿವೆ. ಅವನ್ನು ನೋವಿಲ್ಲದ ದಿನವೂ ತೆಗೆದುಕೊಳ್ಳಬೇಕು. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಎರಡೇ ದಿನಕ್ಕೆ ಬೇಸರ ಬೇಡ. ಸುಮ್ನೆ ಒಮ್ಮೆಲೇ ನಿಲ್ಲಿಸಲೂಬೇಡಿ. ಆಸ್ತಮಾ ಇದ್ದರೆ ಪ್ರೊಪ್ರನಲಾಲ್ ಆಗುವುದಿಲ್ಲ, ಡಾಕ್ಟರಿಗೆ ಮೊದಲೇ ಹೇಳಿ. ನೋವು ಬಂದ ದಿನ, ನುಂಗಿದ ಮಾತ್ರೆ ಎಲ್ಲ ಬರೆದುಕೊಂಡು ಹೋದರೆ ಅವರಿಗೂ ನಿರ್ಧರಿಸಲು ಸುಲಭ.