ಅಕ್ಕನ ಮಜ್ಜೆ ತಮ್ಮನಿಗೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಗನಿಗೆ 4 ವರ್ಷ, ತೂಕ 14 ಕೆ.ಜಿ., ಥಲಸ್ಸೇಮಿಯಾ ಮೇಜರ್ (ದೇಹ ಸರಿಯಾಗಿ ರಕ್ತ ತಯಾರಿಸದ, ಹುಟ್ಟಿನಿಂದ ಬರುವ ಕಾಯಿಲೆ). ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ದೇಹದಲ್ಲಿ ಸೇರಿದ ಕಬ್ಬಿಣ ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲಿ 2,400 ಬಂದಿದೆ. ಕಬ್ಬಿಣ ಇಳಿಸಲು ನೀರಲ್ಲಿ ಕರಗುವ ಡೆಫೆರಾಸಿರಾಕ್ಸ್ 250 ಮಿ.ಗ್ರಾಂ. ಮಾತ್ರೆಯನ್ನು ತಿಂಡಿ ಆದಮೇಲೆ ಹಾಲಿಗೆ ಹಾಕಿ ಕೊಡುತ್ತೇವೆ, ಒಂದೂವರೆ ವರ್ಷದಿಂದ ಇದೇ ಡೋಸ್. 8 ವರ್ಷದ ಮಗಳ ಮೂಳೆಮಜ್ಜೆ (ರಕ್ತ ತಯಾರಾಗುವ ತಿರುಳು) ಹೊಂದಿದರೆ ವಾಸಿಯಾಗಬಹುದು ಎಂದಿದ್ದಾರೆ. ಬೆನ್ನುಮೂಳೆಗೆ ಸೂಜಿ ಹಾಕಿದರೆ ಹೆಣ್ಣುಮಗುವಿಗೆ ಮುಂದೆ ಹೆರಿಗೆ ಕಷ್ಟ ಅಂತ ನಮ್ಮತ್ತೆ ಒಪ್ಪುತ್ತಿಲ್ಲ.
– ಒಬ್ಬ ತಾಯಿ, ಮದ್ದೂರು

ಉತ್ತರ: ಮೊದಲು ಅತ್ತೆಯವರ ಭಯಕ್ಕೆ ಉತ್ತರ. ಮಜ್ಜೆ ತೆಗೆಯುವುದು ಬೆನ್ನುಹುರಿಯಿಂದ ಅಲ್ಲ, ಸೊಂಟದ ಹಿಂಬದಿಯ ಮೂಳೆಯಿಂದ. ಮಗಳಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಎಳೆಯುತ್ತಾರೆ. ನೋಡಲು ಅದೂ ಗಟ್ಟಿ ರಕ್ತದ ಹಾಗೆಯೇ ಇರುತ್ತದೆ. ನಿಮ್ಮ ಮಗನಿಗೆ ಬೇಕಾಗುವುದು ಸುಮಾರು 140ರಿಂದ 280 ಮಿ.ಲೀ. ಕೊಡುವವರ ತೂಕದ ಕೆ.ಜಿ.ಗೆ 20 ಮಿ.ಲೀ. ಮೀರುವಂತಿಲ್ಲ. ಮಗಳು 22 ಕೆ.ಜಿ. ಇದ್ದರೆ 440 ಮಿ.ಲೀ.ವರೆಗೆ ಮಿತಿ. ಮೂರ್ನಾಲ್ಕು ದಿನ ಸೊಂಟ ನೋಯುತ್ತದೆ. ಕೊಟ್ಟ ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವರನ್ನೂ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ನೇರವಾಗಿ ಕೇಳಲಿ.

ಆದರೆ ಅಕ್ಕ ಎಂದ ಮಾತ್ರಕ್ಕೆ ಮಜ್ಜೆ ಹೊಂದುವುದಿಲ್ಲ. ದೇಹ ತನ್ನದು ಯಾವುದು, ಪರರದು ಯಾವುದು ಎಂದು ತಿಳಿಯುವ ಜೀವಕೋಶದ ಎಚ್‌ಎಲ್‌ಎ ಗುರುತುಗಳು ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತವೆ. ಹಾಗಾಗಿ ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸ್ವಲ್ಪ ರಕ್ತ ಅಥವಾ ಕೆನ್ನೆ ಒಳಗಿನ ಸ್ವಾಬ್ ಸಾಕು, ಈಗಲೇ ಮಾಡಿಸಿ. ಬ್ಲಡ್ ಗ್ರೂಪ್ ಬೇರೆಯಿದ್ದರೂ ನಡೆಯುತ್ತದೆ. ಕಸಿ ಹಿಡಿದ ಮೇಲೆ ತಮ್ಮನ ಗುಂಪು ಅಕ್ಕನದ್ದೇ ಆಗುತ್ತದೆ. ಅಕ್ಕ ಥಲಸ್ಸೇಮಿಯಾ ವಾಹಕಿಯಾಗಿದ್ದರೂ (ದೋಷದ ಜೀನ್ ಒಂದೇ ಇದ್ದು, ಕಾಯಿಲೆ ಇಲ್ಲದವಳು) ಕೊಡಬಹುದು. ಒಂದು ಎಚ್ಚರ: ಅಪ್ಪ, ಅಮ್ಮ, ಚಿಕ್ಕಪ್ಪ ಯಾರ ರಕ್ತವನ್ನೂ ಮಗನಿಗೆ ಹಾಕಿಸಬೇಡಿ. ಮನೆಯವರ ಗುರುತುಗಳ ವಿರುದ್ಧ ದೇಹ ತಿರುಗಿಬಿದ್ದರೆ ಮುಂದೆ ಕಸಿ ನಿಲ್ಲದೇ ಹೋಗಬಹುದು.

ನನಗೆ ಹೆಚ್ಚು ಚಿಂತೆ ಇರುವುದು ಆ ಮಾತ್ರೆಯ ಬಗ್ಗೆ. ದೊಡ್ಡವರಿಗೆ ಕೊಡುವ ಒಂದು ಬ್ಯಾಗ್ ರಕ್ತದಲ್ಲಿ 200ರಿಂದ 250 ಮಿ.ಗ್ರಾಂ. ಕಬ್ಬಿಣ ಇರುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ ಕೂರುತ್ತದೆ. ಯಕೃತ್ತು ಊದಿ ಗಟ್ಟಿಯಾದ ಮಗುವಿಗೆ ಕಸಿಯ ಅಪಾಯ ಹೆಚ್ಚು. ನಿಮ್ಮ ಮಗನಿಗೆ ಈಗ ಬೀಳುತ್ತಿರುವುದು ಕೆ.ಜಿ.ಗೆ 18 ಮಿ.ಗ್ರಾಂ.; ಇಂಥ ಮಕ್ಕಳಿಗೆ ಸಾಮಾನ್ಯವಾಗಿ 20ರಿಂದ 40 ಬೇಕು. ತೂಕ ಏರಿದರೂ ಡೋಸ್ ಏರಿಲ್ಲ. ನೀವೇ ಹೆಚ್ಚಿಸಬೇಡಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿ ವೈದ್ಯರು ಹೆಚ್ಚಿಸಲಿ. ಕೊಡುವ ರೀತಿಯನ್ನು ಇವತ್ತೇ ಬದಲಿಸಿ: ಖಾಲಿ ಹೊಟ್ಟೆ, ತಿಂಡಿಗೆ ಅರ್ಧ ಗಂಟೆ ಮುಂಚೆ, ಅರ್ಧ ಲೋಟ ನೀರು. ಹಾಲು ಬೇಡ. ಮಾತ್ರೆ ಪೂರ್ತಿ ಕದಡುವ ತನಕ ಕಲಸಿ. ಕುಡಿದಾದ ಮೇಲೆ ಲೋಟದ ತಳದಲ್ಲಿ ಬಿಳಿ ಪುಡಿ ಉಳಿದಿರುತ್ತದೆ, ಅದೂ ಔಷಧಿಯೇ. ಇನ್ನೊಂದು ಗುಟುಕು ನೀರು ಹಾಕಿ ಅಲುಗಾಡಿಸಿ ಕುಡಿಸಿ. ವಾಂತಿ, ಭೇದಿ, ಜ್ವರ ಬಂದ ದಿನ ನಿಲ್ಲಿಸಿ ಫೋನ್ ಮಾಡಿ. ನೀರು ಕಳೆದುಕೊಂಡ ಮಗುವಿನ ಮೂತ್ರಪಿಂಡಕ್ಕೆ ಈ ಔಷಧಿ ಭಾರ.

ಯಕೃತ್ತು ಚೆನ್ನಾಗಿರುವ ಚಿಕ್ಕ ಮಗುವಿಗೆ, ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದಿದರೆ, ಅನುಭವವಿರುವ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಜೀವಕ್ಕೆ ಅಪಾಯ ಇಲ್ಲವೆಂದಲ್ಲ. ಬುಸಲ್ಫಾನ್‌ನಂಥ ಔಷಧಿಯಿಂದ ಹಳೇ ಮಜ್ಜೆ ತೆಗೆದುಹಾಕಿ ಹೊಸದನ್ನು ರಕ್ತನಾಳದ ಮೂಲಕ ಬಿಡುತ್ತಾರೆ. ಅದು ಚಿಗುರಲು 2ರಿಂದ 4 ವಾರ. ಆ ಔಷಧಿಯಿಂದ ಮಗನಿಗೆ ಮುಂದೆ ಮಕ್ಕಳಾಗದೇ ಹೋಗಬಹುದು, ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಮೊದಲ 100 ದಿನ ಆಸ್ಪತ್ರೆ ಹತ್ತಿರವೇ ಮನೆ ಮಾಡಬೇಕು. ಆಮೇಲೂ ಕೆಲವು ತಿಂಗಳು ತಿಪ್ಪೆ, ಹುಲ್ಲಿನ ಮೆದೆ, ಕೊಟ್ಟಿಗೆ ಕಡೆ ಮಗನನ್ನು ಬಿಡಬೇಡಿ, ಅಲ್ಲಿನ ಬೂಷ್ಟು ಶ್ವಾಸಕೋಶಕ್ಕೆ ಹೋಗುತ್ತದೆ. ಕೋಸಂಬರಿ, ಬೀದಿ ಬದಿಯ ಕಬ್ಬಿನ ಹಾಲೂ ಬೇಡ. ಖರ್ಚಿಗೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂ.ವರೆಗೆ ನೆರವಿದೆ. ಅರ್ಜಿ ಹೋಗುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ.

ಪ್ರಶ್ನೆ: ಚೊಚ್ಚಲ ಬಸುರಿ, 7 ತಿಂಗಳು. ಹೊಕ್ಕುಳಬಳ್ಳಿ ರಕ್ತ ಕೂಡಿಡಲು ಖಾಸಗಿ ಬ್ಯಾಂಕಿನವರು ಕಂತು ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲೇ?
– ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಮಗುವಿಗೆ ಹುಟ್ಟಿನಿಂದ ರಕ್ತದ ಕಾಯಿಲೆ ಇದ್ದರೆ ಅದೇ ದೋಷ ಆ ಬಳ್ಳಿ ರಕ್ತದಲ್ಲೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಇಂಥ ಖಾಸಗಿ ಶೇಖರಣೆಯನ್ನು ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೇಮಿಯಾದಂಥ ಕಾಯಿಲೆ ಇದ್ದರೆ ಮಾತ್ರ ಮಾತು ಬೇರೆ. ಹುಟ್ಟಿದ ಮೇಲೆ ಒಂದು ನಿಮಿಷವಾದರೂ ಬಳ್ಳಿ ಕತ್ತರಿಸದೆ ಬಿಡಲು ಹೇಳಿ, ಆ ರಕ್ತ ಕೂಸಿಗೇ ಹೋಗಲಿ. ಹಣ ಹಾಕುವುದಾದರೆ ನೀವು ಥಲಸ್ಸೇಮಿಯಾ ವಾಹಕರೇ ಎಂದು ತಿಳಿಸುವ ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಿ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರಂತೂ ಖಂಡಿತ. ಶೇ 3.5ಕ್ಕಿಂತ ಹೆಚ್ಚು ಬಂದರೆ ಯಜಮಾನರಿಗೂ ಮಾಡಿಸಿ. ರಕ್ತಹೀನತೆ ತೀವ್ರವಾಗಿದ್ದರೆ ಈ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು, ವೈದ್ಯರಿಗೆ ನೆನಪಿಸಿ.

ಪ್ರಶ್ನೆ: ಜೀನ್ ತಿದ್ದಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಗುಣಪಡಿಸುತ್ತಾರಂತೆ. ನಮ್ಮ ಹಾಡಿಯ ಮಕ್ಕಳಿಗೆ ಸಿಗುತ್ತದೆಯೇ?
– ಶಾಲಾ ಶಿಕ್ಷಕರು, ಎಚ್.ಡಿ. ಕೋಟೆ

ಉತ್ತರ: ಸುದ್ದಿ ನಿಜ. ರೋಗಿಯದೇ ರಕ್ತ ಹುಟ್ಟಿಸುವ ಕಾಂಡಕೋಶ ತೆಗೆದು, ತಿದ್ದಿ, ಮತ್ತೆ ಅವರಿಗೇ ಹಾಕುವ ಕ್ಯಾಸ್ಗೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಆಗ ಒಪ್ಪಿಗೆ ಸಿಕ್ಕಿದ್ದು 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಇದಕ್ಕೂ ಬುಸಲ್ಫಾನ್ ತಪ್ಪಿದ್ದಲ್ಲ. ಹಾಡಿಯ ಮಕ್ಕಳಿಗೆ ಇವತ್ತು ಕೈಗೆ ಸಿಗುವ ಔಷಧಿ ಹೈಡ್ರಾಕ್ಸಿಯೂರಿಯಾ, ಕೆ.ಜಿ.ಗೆ ಸುಮಾರು 20 ಮಿ.ಗ್ರಾಂ.ನಿಂದ ಶುರು, ರಕ್ತಕಣಗಳ ಎಣಿಕೆ ತಪ್ಪದೆ ಆಗಬೇಕು. 5 ವರ್ಷದವರೆಗೆ ದಿನಾ ಪೆನಿಸಿಲಿನ್, ಜೊತೆಗೆ ನ್ಯುಮೋಕಾಕಲ್ ಲಸಿಕೆ. ಎಡ ಪಕ್ಕೆಲುಬಿನ ಕೆಳಗೆ ಗುಲ್ಮವನ್ನು (ಸ್ಪ್ಲೀನ್) ಮುಟ್ಟಿ ನೋಡುವುದನ್ನು ತಾಯಂದಿರಿಗೆ ಕಲಿಸಿಕೊಡಿ. ಅದು ದಿಢೀರನೆ ಊದಿ ಮಗು ಬಿಳಿಚಿಕೊಂಡರೆ ಅಥವಾ ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯದೆ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.