ಬೇರೆ ಬೇರೆ ದೇಶದ ಜನರ ಮೈಬಣ್ಣ ಬೇರೆ ಬೇರೆ ಯಾಕೆ?

ಮುಖ್ಯ ಕಾರಣ ಬಿಸಿಲು. ಪೂರ್ವಜರು ಸಾವಿರಾರು ವರ್ಷ ಎಂಥ ಬಿಸಿಲಲ್ಲಿ ಬದುಕಿದರೋ, ಅದಕ್ಕೆ ಹೊಂದುವ ಬಣ್ಣವೇ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿದೆ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟ ನೋಡಿ. ಗಿಡಕ್ಕೆ ಸಿಲ್ವರ್ ಓಕ್, ಹಲಸಿನ ನೆರಳು ಬೇಕು. ನೆರಳು ಕಮ್ಮಿಯಾದರೆ ಎಲೆ ಸುಡುತ್ತದೆ, ಜಾಸ್ತಿಯಾದರೆ ಫಸಲು ಇಳಿಯುತ್ತದೆ. ಚರ್ಮಕ್ಕೆ ಆ ನೆರಳು ಕೊಡುವುದು ಮೆಲನಿನ್ ಎಂಬ ಕಂದುಬಣ್ಣದ ವಸ್ತು. ಸಮಭಾಜಕದ ಹತ್ತಿರ ಬಿಸಿಲಿನ ಅತಿನೇರಳೆ ಕಿರಣಗಳು ಜೋರು. ಅವು ಮೈಯಲ್ಲಿರುವ ಫೋಲೇಟ್ ಎಂಬ ವಿಟಮಿನ್ ಹಾಳುಮಾಡುತ್ತವೆ. ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ಅದು ಬೇಕೇ ಬೇಕು. ಹಾಗಾಗಿ ಅಲ್ಲಿ ಕಪ್ಪು ಚರ್ಮದವರ ಸಂತಾನ ಜಾಸ್ತಿ ಉಳಿಯಿತು. ಉತ್ತರ ಯುರೋಪಿನಲ್ಲಿ ಕಥೆ ಉಲ್ಟಾ. ಅಲ್ಲಿ ಬಿಸಿಲೇ ಅಪರೂಪ, ಆದರೆ ಚರ್ಮ ವಿಟಮಿನ್ ಡಿ ತಯಾರಿಸಲು ಅದೇ ಕಿರಣ ಬೇಕು. ನೆರಳು ಕಡಿಮೆ ಇದ್ದಷ್ಟೂ ಲಾಭ, ಅಲ್ವಾ?

ಒಂದು ಗೊಂದಲ ಬೇಡ. ಇಡೀ ದಿನ ಗದ್ದೆಯಲ್ಲಿ ನಾಟಿ ಮಾಡಿ ಬಂದವರ ಕೈ ರವಿಕೆಯ ತೋಳಿನ ಗೆರೆವರೆಗೆ ಕಪ್ಪಾಗಿರುತ್ತದೆ. ಆ ಕಪ್ಪು ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳಿಗೆ ಹೋಗುವುದು ಜೀನ್‌ಗಳು ಮಾತ್ರ. ಮೈಬಣ್ಣಕ್ಕೆ ಒಂದಲ್ಲ, ಹಲವು ಜೀನ್‌ಗಳು ಕಾರಣ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಕಪ್ಪು, ಇನ್ನೊಬ್ಬ ಎಣ್ಣೆಗೆಂಪು ಇರುವುದು ಇದಕ್ಕೇ.